ಅವ್ವನ ಚಾಕಲೇಟ್ ಪಾಕ

ಅಕ್ಕನನ್ನು ಕೊಟ್ಟದ್ದು ಸಿಂದಗಿಗೆ, ಸಂಸಾರ ಪುಣೆಯಲ್ಲಿ. ಬೇಸಿಗೆ ಸೂಟಿಗೆ ಇಂಡಿಗೆ ಬರುವ ಅವಳ ಮಕ್ಕಳಿಗೆ ಬರೀ ಐಸ್‌ಕ್ರೀಮ್ ಸಾಲದು, ಮೇಲೆ ಚಾಕಲೇಟ್ ಸಾಸ್ ಬೇಕು. ‘ಮಾಮಾ, ಮನ್ಯಾಗ ಮಾಡಾಕ ಬರ್ತದ, ಭಾಳ ಸರಳ’ ಎಂದು ಹುರಿದುಂಬಿಸಿ ಟಿವಿ ಮುಂದೆ ಕೂತರು.

ಕುದಿವ ನೀರಿನ ಮೇಲೆ ಬಟ್ಟಲಿಟ್ಟು, ಮುಚ್ಚಿ, ಚಾಕಲೇಟ್ ತುಂಡು ಕರಗಿಸಿದೆ. ಕನ್ನಡಿಯ ಹೊಳಪು! ಮುಚ್ಚಳ ಎತ್ತುವಾಗ ಆವಿಯ ಎರಡು ಹನಿ ಒಳಗೆ ಬಿದ್ದವು. ಹೊಳಪು ಹೋಗಿ ಮರಳು ಮರಳಾದ ಮುದ್ದೆ ಉಳಿಯಿತು. ಚಾಕಲೇಟಿನ ಕೊಬ್ಬಿನೊಳಗೆ ಸಕ್ಕರೆ, ಕೋಕೋ ಒಣಗಿಯೇ ಇರುತ್ತವೆ. ಚೂರು ನೀರು ಸೋಕಿದರೆ ಸಾಕು, ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅವ್ವ ಬಗ್ಗಿ ನೋಡಿದಳು.

‘ಬಂಡಿ ಗಾಲಿಗೆ ಹಚ್ಚೂ ಕೀಲೆಣ್ಣಿ ಮಾಡಾಕತ್ತಿ ಏನೋ ತಮ್ಮಾ?’

ಎರಡನೇ ಸಲ ಕೋಕೋ ಪುಡಿ ತಂದೆ. ಅದು ಪರದೇಶದ ಮಾಲು ಎಂದುಕೊಂಡಿದ್ದೆ. ಆದರೆ ಕೋಕೋ ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲೇ ಬೆಳೆಯುತ್ತದೆ, ಪುತ್ತೂರಿನ ಕ್ಯಾಂಪ್ಕೊ ಕಾರ್ಖಾನೆ 1986ರಿಂದ ಚಾಕಲೇಟ್ ಮಾಡುತ್ತಿದೆ. ನಮ್ಮ ಭೀಮಾ ತೀರದ ಕಬ್ಬಿಗೆ ಎಂದೋ ಬೀಗರಾಗಬೇಕಿತ್ತು, ನಡುವೆ ಮಾತಾಡುವವರಿರಲಿಲ್ಲ.

ಪುಡಿಯನ್ನು ಬಿಸಿನೀರಿಗೆ ಸುರಿಯಲು ಹೋದಾಗ ಅವ್ವ ಕೈ ಹಿಡಿದಳು. ‘ಝುಣಕದ ಹಿಟ್ಟು ಹಿಂಗ ಹಾಕ್ತಾರೇನ? ಗಂಟ ಆಗ್ತಾವ.’ ಅರ್ಧ ಬಟ್ಟಲು ಕೋಕೋ, ಒಂದು ಬಟ್ಟಲು ಸಕ್ಕರೆ ಒಣದಾಗಿಯೇ ಕೂಡಿಸಿ, ಒಂದು ಬಟ್ಟಲು ನೀರು ಸ್ವಲ್ಪಸ್ವಲ್ಪವೇ ಬಿಟ್ಟು, ಚಿಟಿಕೆ ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸಿದಳು. ಪಾಕ ಸಕ್ಕರೆಗಟ್ಟಬಾರದೆಂದು ಐದಾರು ಹನಿ ಲಿಂಬೆರಸ. ಇದು ಜಿಐ ಟ್ಯಾಗ್ ಪಡೆದ ಇಂಡಿ ಲಿಂಬೆ ಎಂದು ನಾನು ಮಕ್ಕಳಿಗೆ ಹೇಳುವಷ್ಟರಲ್ಲಿ ಆ ಸಿಪ್ಪೆ ತಾಮ್ರದ ತಂಬಿಗೆ ತಿಕ್ಕಲು ಹೋಗಿತ್ತು. ಇಳಿಸುವಾಗ ಒಂದು ಚಮಚ ಬೆಣ್ಣೆ. ಚಮಚದ ಬೆನ್ನ ಮೇಲೆ ಬೆರಳಿನಿಂದ ಗೀರಿದಳು. ಗೀರು ಕೂಡಿಕೊಳ್ಳದೆ ನಿಂತಿತು. ‘ಸಾಕು. ಆರಿದ ಮ್ಯಾಲ ಇನ್ನೂ ಗಟ್ಟಿ ಆಗ್ತದ.’ ಜೀವಮಾನದಲ್ಲಿ ಚಾಕಲೇಟ್ ಸಾಸ್ ನೋಡದವಳ ತೀರ್ಪು ಅದು. ಮಕ್ಕಳು ಐಸ್‌ಕ್ರೀಮ್ ಬಿಟ್ಟು ಸಾಸನ್ನೇ ನೆಕ್ಕಿದರು.

ರಾತ್ರಿ ಬಸವನ ಬಾಗೇವಾಡಿಯಿಂದ ಕಾಕಾ ಬಂದರು. ಉಳಿದ ಸಾಸಿನ ಬಟ್ಟಲು ಊಟದ ನಡುವೆಯೇ ಇತ್ತು. ಗುರೆಳ್ಳ ಹಿಂಡಿಗೆ ಎಣ್ಣೆ ಕಲಸಿಟ್ಟಿದ್ದಾರೆಂದು ತಿಳಿದು ಖಡಕ್ ರೊಟ್ಟಿಗೆ ಬಳಿದುಕೊಂಡರು. ಮಕ್ಕಳು ಬಾಯಿಗೆ ಕೈ ಒತ್ತಿ ಹಿಡಿದರು. ಅರ್ಧ ರೊಟ್ಟಿ ಮುಗಿಸಿದ ಕಾಕಾ, ನನ್ನ ಹೆಂಡತಿಯ ಕಡೆ ಮೆಲ್ಲಗೆ ತಿರುಗಿದರು.

‘ನಿಮ್ಮ ಮುದ್ದೇಬಿಹಾಳ ಕಡೆ ಹಿಂಡಿಗೆ ಇಷ್ಟು ಬೆಲ್ಲ ಹಾಕ್ತಾರೇನವಾ?’