ಸುಖಮಜ್ಜನ ಮೀಮಾಂಸೆ: ನೇತ್ರಾಣಿ ಪ್ರಕರಣ

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಯಾವ ಘನಕಾರ್ಯವನ್ನೂ ಸಾಧಿಸುವ ಹಂಬಲವಿಲ್ಲದೆ ಬೆಚ್ಚನೆಯ ಕಡಲಿನಲ್ಲಿ ಮುಳುಗಿ, ಮೀನುಗಳನ್ನು ನೋಡಿ, ಅವುಗಳಿಂದಲೂ ನೋಡಿಸಿಕೊಂಡು ಮೇಲೆ ಬರುವ ಕ್ರಿಯೆಗೆ ಸುಖಮಜ್ಜನವೆಂದು ಹೆಸರು. ಇಷ್ಟು ಅಲ್ಪ ಪ್ರಯೋಜನದ ಕಾರ್ಯಕ್ಕೆ ಶಾಸ್ತ್ರವೇಕೆಂಬ ಪೂರ್ವಪಕ್ಷ ಸಹಜವಾಗಿಯೇ ಏಳುತ್ತದೆ. ನೆಲದ ಮೇಲೆಯೇ ಸುಮ್ಮನಿರಲು ಬಾರದ ಜೀವಿ ನೀರಿನಡಿಯಲ್ಲಿ ಸುಮ್ಮನಿರಬೇಕಾದರೆ ಸಿದ್ಧತೆ ಇಮ್ಮಡಿಯಾಗಲೇಬೇಕೆಂಬುದು ಅದಕ್ಕೆ ಸಿದ್ಧಾಂತಿಯ ಉತ್ತರ.

ಕ್ಷೇತ್ರವಿಚಾರದಲ್ಲಿ ಹೆಚ್ಚು ವಿವಾದವಿಲ್ಲ. ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್ ದೂರವಿರುವ ನೇತ್ರಾಣಿ ದ್ವೀಪ, 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಅಲ್ಲಿ ಮುಳುಗಿದ್ದನ್ನು ನೋಡಿದ ಮೇಲೆ, ಘಟ್ಟದ ಮೇಲಿನವರಿಗೂ ಚಿರಪರಿಚಿತವಾಗಿದೆ. ಮಳೆಗಾಲದಲ್ಲಿ ಕಡಲು ಯಾರ ಯೋಜನೆಯನ್ನೂ ಮಾನ್ಯಮಾಡದಿರುವುದರಿಂದ, ಅದು ಕಳೆದು ನೀರು ತಿಳಿಯಾದ ತಿಂಗಳುಗಳೇ ಪ್ರಶಸ್ತ. ಆ ನೀರು ಬೆಚ್ಚಗಿದ್ದರೂ ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖವನ್ನು ಸೆಳೆದುಕೊಳ್ಳುವುದರಿಂದ ವೆಟ್‌ಸೂಟ್, ಅಂದರೆ ಧರಿಸಲು ಇಬ್ಬರ ನೆರವನ್ನೂ ಕಳಚಲು ಮೂವರ ನೆರವನ್ನೂ ಬೇಡುವ ರಬ್ಬರಿನ ಅಂಗಿ, ವಿಹಿತವಾಗಿದೆ.

ವಿದ್ವಾಂಸರು ನಿಜವಾಗಿ ಕಚ್ಚಾಡುವುದು ಬೆಳಗಿನ ತಿಂಡಿಯ ಅಧಿಕರಣದಲ್ಲಿ. ಹಸಿದ ಹೊಟ್ಟೆಯಲ್ಲಿ ದೋಣಿ ಹತ್ತಿದರೆ ವಾಂತಿಗೆ ವಸ್ತುವೇ ಇರುವುದಿಲ್ಲವೆಂದು ಉಪವಾಸಪಂಥದವರು ವಾದಿಸಿದರೆ, ವಸ್ತುವಿಲ್ಲದ ವಾಂತಿಯೇ ಹೆಚ್ಚು ದಾರುಣವೆಂದು ಬನ್ಸ್-ಭಾಜಿಪಂಥದವರು ಖಂಡಿಸುತ್ತಾರೆ. ಈ ಎರಡೂ ಪಂಥಗಳಿಗೆ ಪರೀಕ್ಷೆ ಎದುರಾಗುವುದು ದೋಣಿ ಓಡುವಾಗಲ್ಲ. ದ್ವೀಪದ ಬಳಿ ಲಂಗರು ಹಾಕಿ ನಿಂತು, ಅಲೆ ಅದನ್ನು ಅಡ್ಡಡ್ಡಲಾಗಿ ತೂಗುತ್ತಿರುವಾಗ, ಡೀಸೆಲ್ ಹೊಗೆ ಮೂಗಿಗೆ ಅಡರಿ, ಅರ್ಧ ಏರಿಸಿದ ವೆಟ್‌ಸೂಟಿನ ಜಿಪ್ ನಡುಬೆನ್ನಿನಲ್ಲಿ ಸಿಕ್ಕಿಕೊಂಡ ಘಳಿಗೆಯಲ್ಲಿ. ಆಗ ದಿಗಂತವನ್ನು ದಿಟ್ಟಿಸಬೇಕು, ಮೊಬೈಲನ್ನಲ್ಲ. ಎರಡು ಇಡ್ಲಿ ತಿಂದು, ವೈದ್ಯರು ಹೇಳಿದ ಮಾತ್ರೆಯನ್ನು ಹೊರಡುವುದಕ್ಕೆ ಮೊದಲೇ ನುಂಗಿದ ಮಧ್ಯಮಮಾರ್ಗಿಗಳು ಈ ಹೊತ್ತಿನಲ್ಲಿ ತತ್ತ್ವಚರ್ಚೆಗೆ ಇಳಿಯದೆ ಸುಮ್ಮನೆ ಕುಳಿತಿರುವುದು ಕಂಡುಬಂದಿದೆ.

ವಾಯುಗಣಿತ ಇದಕ್ಕಿಂತ ಸುಲಭವಾದುದು. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಏರುವುದರಿಂದ, 1662ರಲ್ಲಿ ರಾಬರ್ಟ್ ಬಾಯ್ಲ್ ತೋರಿಸಿಕೊಟ್ಟ ನಿಯಮದಂತೆ, 10 ಮೀಟರಿನಲ್ಲಿ ಪ್ರತಿ ಉಸಿರಿಗೂ ಮೇಲಿನ ಎರಡರಷ್ಟು ಗಾಳಿ ವ್ಯಯವಾಗುತ್ತದೆ. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿ ತುಂಬಿದ ಸುಮಾರು 2400 ಲೀಟರ್ ಗಾಳಿಯಿಂದ 50 ಬಾರಿನಷ್ಟನ್ನು ಆಪದ್ಧನವಾಗಿ ತೆಗೆದಿರಿಸಿದರೆ, ನಿಮಿಷಕ್ಕೆ 20 ಲೀಟರಿನಂತೆ ಉಸಿರಾಡುವವನಿಗೆ ಆ ಆಳದಲ್ಲಿ 45 ನಿಮಿಷ ದೊರಕುತ್ತದೆ. ಆಮೆಯೊಂದನ್ನು ಕಂಡು ಏದುಸಿರು ಬಿಡುವವನಿಗೆ ಅದರಲ್ಲಿ ಅರ್ಧವೂ ದಕ್ಕುವುದಿಲ್ಲ. ಹೀಗಾಗಿ ವೈರಾಗ್ಯವು ಇಲ್ಲಿ ಕೇವಲ ಗುಣವಲ್ಲ, ಲೆಕ್ಕಕ್ಕೆ ಸಿಗುವ ಉಳಿತಾಯ. ಆದರೆ ಉಳಿತಾಯದ ಆಸೆಯಿಂದ ಉಸಿರನ್ನು ಹಿಡಿದು ಮೇಲೇರುವುದು ಮಹಾಪಾತಕ, ಏಕೆಂದರೆ ಹಿಗ್ಗುವ ಗಾಳಿ ಶ್ವಾಸಕೋಶವನ್ನು ಹರಿಯಬಲ್ಲದು.

ಮಾತಿಗೆ ಅವಕಾಶವಿಲ್ಲದ ಆ ಲೋಕದಲ್ಲಿ ಮುದ್ರಾಶಾಸ್ತ್ರವೇ ವ್ಯಾಕರಣ. ಹೆಬ್ಬೆರಳನ್ನೂ ತೋರುಬೆರಳನ್ನೂ ಜೋಡಿಸಿ ವೃತ್ತ ಮಾಡಿದರೆ ಕ್ಷೇಮವೆಂದೂ, ಹೆಬ್ಬೆರಳೊಂದನ್ನೇ ಮೇಲೆತ್ತಿದರೆ ಮೇಲಕ್ಕೆ ಹೋಗೋಣವೆಂದೂ ಅರ್ಥ. ಗಿಳಿಮೀನಿನ ಹಿಂಡನ್ನು ಕಂಡ ಪರಮಾನಂದದಲ್ಲಿ, ವಾಟ್ಸ್ಆ್ಯಪ್ ಸಂಸ್ಕಾರದಿಂದ ಹೆಬ್ಬೆರಳೆತ್ತಿದ ಸಾಧಕನನ್ನು ಮಾರ್ಗದರ್ಶಿ ನಿಧಾನವಾಗಿ, ವಿಧಿವತ್ತಾಗಿ ದೋಣಿಗೆ ಮರಳಿಸುತ್ತಾನೆ.

ಉತ್ತರಕಾಂಡ ಚಿಕ್ಕದು, ಅಪ್ರಿಯವಾದುದು. ಒತ್ತಡದಲ್ಲಿ ರಕ್ತದಲ್ಲಿ ಕರಗಿದ ಸಾರಜನಕ ಮೆಲ್ಲಗೆ ಹೊರಹೋಗಬೇಕಾದ್ದರಿಂದ, ಒಂದೇ ಮುಳುಗಿನ ನಂತರವೂ ಕನಿಷ್ಠ 12 ಗಂಟೆ ವಿಮಾನವೇರಬಾರದು. ಎತ್ತರದ ಊರುಗಳಿಗೆ ಏರುವಾಗಲೂ ಇದೇ ಎಚ್ಚರಿಕೆ ಬೇಕು. ಘಟ್ಟ ಹತ್ತಿ ಜೋಗವನ್ನು ಸಂಜೆಯೊಳಗೆ ನೋಡಿ, ಭಾನುವಾರ ರಾತ್ರಿಯ ಬಸ್ಸಿನಲ್ಲಿ ಹೊರಟು, ಸೋಮವಾರ ಬೆಂಗಳೂರಿನ ಕಚೇರಿಗೆ ಹಾಜರಾಗಬೇಕೆಂದು ಟಿಕೆಟ್ ಕಾದಿರಿಸಿದವರ ಗುಂಪಿನಲ್ಲಿ ಈ ಕಾಂಡವನ್ನು ಮಾತ್ರ ಪಾರಾಯಣದಿಂದ ಕೈಬಿಡುವ ಸಂಪ್ರದಾಯವಿದೆ.