ಏಳು ಕೆ.ಜಿ.ಯೊಳಗಿನ ರೊಟ್ಟಿ

ಹುಬ್ಬಳ್ಳಿ–ಬೆಂಗಳೂರು ವಿಮಾನ ಹಾರುವುದು ಒಂದು ಗಂಟೆಯ ಆಸುಪಾಸು. ಅದಕ್ಕಾಗಿ ನಡೆಯುವ ತೂಕದ ಲೆಕ್ಕಾಚಾರ ಮಾತ್ರ ಹಿಂದಿನ ರಾತ್ರಿಯೇ ಶುರು. ವಿಮಾನದ ಹೊಟ್ಟೆಯೊಳಗೆ ಹಾಕಲು ಸಾಮಾನ್ಯವಾಗಿ 15 ಕೆ.ಜಿ. ಬಿಡುತ್ತಾರೆ, ನಿಜ. ಆದರೆ ಇಳಿದ ಮೇಲೆ ಬೆಲ್ಟಿನ ಮುಂದೆ ಕಾಯುವವರು ಯಾರು? ಹಾಗಾಗಿ ಇಡೀ ಸಂಸಾರವನ್ನು ಕೈಚೀಲದ 7 ಕೆ.ಜಿ.ಯೊಳಗೇ ತುರುಕಬೇಕು.

ಚೀಲ ಹಿಡಿದು ತೂಕದ ಯಂತ್ರ ಹತ್ತುವುದು, ಚೀಲ ಇಳಿಸಿ ಮತ್ತೊಮ್ಮೆ ಹತ್ತುವುದು, ಕಳೆಯುವುದು. ನಮ್ಮ ಮನೆಯ ಪದ್ಧತಿ ಇದು. ಹೆಂಡತಿಯ ಕಣ್ಣೆಲ್ಲ ಎರಡನೇ ಅಂಕಿಯ ಮೇಲೆ. “ಚೀಲ ಸರಿಯಾಗಿದೆ, ನೀವೇ ಜಾಸ್ತಿ ಆಗಿದೀರಿ” ಎನ್ನುತ್ತಾಳೆ. ಪುಣ್ಯಕ್ಕೆ ಕೌಂಟರಿನಲ್ಲಿ ಚೀಲವನ್ನಷ್ಟೇ ತೂಗುತ್ತಾರೆ.

ಹುಬ್ಬಳ್ಳಿಯ ಸೋದರತ್ತೆಗೆ ಈ ಕಾನೂನುಗಳ ಮೇಲೆ ಗೌರವವಿಲ್ಲ. ಒಣಕೊಬ್ಬರಿ ಒಯ್ಯಲು ಬಿಡೋದಿಲ್ಲ, ಎಣ್ಣೆಯಂಶಕ್ಕೆ ಬೆಂಕಿ ಹತ್ತಬಹುದಂತೆ ಎಂದೆ. “ಹಂಗಾರ ತುರದು ಚಟ್ನಿಪುಡಿಯೊಳಗ ಹಾಕ್ತೀನಿ ತಗೋ” ಎಂದರು. ಮೇಲೆ ಪೇಡೆ ಡಬ್ಬಿ, ಅದರ ಮೇಲೆ ಕಟಕ್ ರೊಟ್ಟಿಯ ಕಟ್ಟು. “ಹಗರ ಅದಾವ, ರೊಟ್ಟೀಗೇನ್ ತೂಕೋ?”

ತೂಕವೇನೋ ಇಲ್ಲ. ಆದರೆ ಚೀಲ 55 ಸೆಂ.ಮೀ. ಉದ್ದ, 35 ಅಗಲ, 25 ದಪ್ಪ ಮೀರಬಾರದೆಂದೂ ಇದೆಯಲ್ಲ. ಜೋಳದ ರೊಟ್ಟಿ ಮಡಚಿದರೆ ಮಡಚುವ ಜಾತಿಯೇ?

ಸೀಟು ನಂಬರು ಕೈಯಲ್ಲಿದ್ದರೂ ಗೇಟಿನ ಮುಂದೆ ಜನ ಅರ್ಧ ಗಂಟೆ ಮೊದಲೇ ಸಾಲುಗಟ್ಟುವುದನ್ನು ಕಂಡು ನಗುವವರಿದ್ದಾರೆ. ನಾನು ನಗುವುದಿಲ್ಲ. ಪೈಪೋಟಿ ಸೀಟಿಗಲ್ಲ, ತಲೆಯ ಮೇಲಿನ ಗೂಡಿಗೆ. ಜೇಸನ್ ಸ್ಟೆಫನ್ ಎಂಬ ಭೌತವಿಜ್ಞಾನಿ 2008ರಲ್ಲಿ ಇದಕ್ಕೊಂದು ಕ್ರಮ ಸೂಚಿಸಿದರು: ಹಿಂದಿನಿಂದ ಮುಂದಕ್ಕೆ, ಒಂದು ಸಾಲು ಬಿಟ್ಟು ಒಂದು ಸಾಲಿನ ಕಿಟಕಿಯವರು ಮೊದಲು. ಒಂದೇ ಸಲ ಹಲವರು ಚೀಲ ಎತ್ತಿಡಬಹುದು, ಹೊತ್ತು ಉಳಿಯುತ್ತದೆ. ಗಂಡನನ್ನು ಕಿಟಕಿಗೆ ಕಳಿಸಿ ಹೆಂಡತಿಯನ್ನು ಗೇಟಿನಲ್ಲೇ ನಿಲ್ಲಿಸುವ ಈ ಕ್ರಮವನ್ನು ನಮ್ಮೂರಲ್ಲಿ ಜಾರಿಗೆ ತರುವ ಧೈರ್ಯ ಯಾರಿಗಿದೆ?

ನಮ್ಮದು ಎಟಿಆರ್, ಪಂಖದ ವಿಮಾನ. ಗೂಡು ಸಣ್ಣದು. ದೊಡ್ಡ ಟ್ರಾಲಿಗಳನ್ನು ಏಣಿಯ ಬುಡದಲ್ಲೇ ಚೀಟಿ ಕಟ್ಟಿ ಕಿತ್ತುಕೊಂಡರು. ನನ್ನ ರೊಟ್ಟಿ ಪಾರಾಯಿತು ಅಂದುಕೊಳ್ಳುವಷ್ಟರಲ್ಲಿ ಯಾರೋ ತಮ್ಮ ಲ್ಯಾಪ್‌ಟಾಪ್ ಬ್ಯಾಗನ್ನು ಅದೇ ಗೂಡಿಗೆ ನೂಕಿ, ಮುಚ್ಚಳಕ್ಕೆ ಭುಜ ಕೊಟ್ಟರು. ಕಟಕ್ ಎಂದಿತು. ಹೆಸರು ಸಾರ್ಥಕ.

ಎಟಿಆರ್‌ನಲ್ಲಿ ಪ್ರಯಾಣಿಕರ ಬಾಗಿಲು ಇರುವುದು ಹಿಂಭಾಗದಲ್ಲಿ. ಬೇಗ ಇಳಿಯಬೇಕೆಂದು ಹೆಚ್ಚು ದುಡ್ಡು ಕೊಟ್ಟು ಮೊದಲ ಸಾಲು ಹಿಡಿದಿದ್ದ ಹುಬ್ಬಳ್ಳಿಯ ಹಿರಿಯರೊಬ್ಬರು ಬೆಂಗಳೂರಿನಲ್ಲಿ ಎಲ್ಲರ ಬೆನ್ನು ನೋಡುತ್ತಾ ನಿಂತರು. ಹಿಂದಿನ ಸಾಲಿನ ನಾವು ಗೆದ್ದವರಂತೆ ಇಳಿದು ಬಸ್ಸು ಹತ್ತಿ ಒಳಮೂಲೆ ಸೇರಿದೆವು. ಬಸ್ಸು ಹೊರಡಲಿಲ್ಲ. ಕೊನೆಯವರು ಬರಬೇಕಲ್ಲ! ಆ ಹಿರಿಯರು ನಿಧಾನವಾಗಿ ಬಂದು ಬಾಗಿಲಿಗೇ ಒರಗಿ ನಿಂತರು. ಟರ್ಮಿನಲ್ ಬಂತು, ಬಾಗಿಲು ತೆರೆಯಿತು, ಎಲ್ಲರಿಗಿಂತ ಮೊದಲು ಇಳಿದವರು ಅವರೇ.

“ಕೊಟ್ಟ ರೊಕ್ಕಾ ಈಗ ವಸೂಲಾತ್ ನೋಡ್ರಿ” ಎಂದು ನಮ್ಮ ಕಡೆ ತಿರುಗಿ ಹೇಳಿ ಹೋದರು.