ಟೇಪಣ್ಣನ ಗೋಡೆ ದರ್ಬಾರು

ನೆಂಟರ ಮನೆಗೆ ಹೋದವರು ಮೊದಲು ಮನೆಯವರ ಕ್ಷೇಮ ವಿಚಾರಿಸುತ್ತಾರೆ. ಟೇಪಣ್ಣ ಗೋಡೆಯ ಕ್ಷೇಮ ವಿಚಾರಿಸುತ್ತಾನೆ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ಕೂಡಲೇ ಅವನ ಕಣ್ಣು ಎದುರು ನಿಂತವರ ತಲೆ ದಾಟಿ ಹಿಂದಿನ ಗೋಡೆಗೆ ಹೋಗಿ ಅಂಟಿಕೊಳ್ಳುತ್ತದೆ. ಅಲ್ಲೊಂದು ಕ್ಯಾಲೆಂಡರು, ಒಂದು ಗಡಿಯಾರ, ಹಾರ ಹಾಕಿದ ತಾತನ ಫೋಟೊ. ಮಿಕ್ಕಿದ್ದೆಲ್ಲ ಬರೀ ಸುಣ್ಣ. ಟೇಪಣ್ಣನ ಕರುಳು ಚುರುಕ್ ಎನ್ನುತ್ತದೆ.

"ಎಷ್ಟ್ ಜಾಗ ದಂಡವಾಗಿ ಬಿದ್ದೈತೆ ಕನಣ್ಣ ಇಲ್ಲಿ!"

ಕಾಫಿ ಬರುವಷ್ಟರಲ್ಲಿ ಅವನ ಜೇಬಿನಿಂದ ಐದು ಮೀಟರಿನ ಟೇಪು ಹೊರಬಂದು ತಾತನ ಅಕ್ಕಪಕ್ಕ ಹರಿದಾಡಿರುತ್ತದೆ. "ತಾತನ್ನ ಒಂದಡಿ ಮೇಲಕ್ಕೆ ಎತ್ತಿದ್ರೆ ಕೆಳಗೆ ನಾಕು ಬಾಗ್ಲಿಂದು ಒಂದು ಯೂನಿಟ್ ಕೂತ್ಕತದೆ. ತಾತಂಗೂ ತೊಂದ್ರೆ ಇಲ್ಲ." ಮನೆಯವರು ತಾತನ ಕಡೆ ನೋಡುತ್ತಾರೆ. ತಾತ ಯಾವ ಆಕ್ಷೇಪಣೆಯನ್ನೂ ಸಲ್ಲಿಸುವುದಿಲ್ಲ.

ಟೇಪಣ್ಣ ಎನ್ನುವುದು ತಂದೆತಾಯಿ ಇಟ್ಟ ಹೆಸರಲ್ಲ. ಆ ಹೆಸರು ಆಧಾರ್ ಕಾರ್ಡಿನಲ್ಲಿ, ಪಿಂಚಣಿ ಪುಸ್ತಕದಲ್ಲಿ ಸುಖವಾಗಿದೆ. ಇವನ ಊರು ಮಂಡ್ಯದ ಹತ್ತಿರದ ಯಲಿಯೂರು. ಟೇಪಣ್ಣ ಸಿಗಲು ಯಲಿಯೂರೇ ಆಗಬೇಕೆಂದೇನೂ ಇಲ್ಲ. ಮದ್ದೂರಿನಲ್ಲಿ ಒಬ್ಬ, ಮಳವಳ್ಳಿಯಲ್ಲಿ ಇಬ್ಬರು ಸಿಕ್ಕಾರು. ನಿಮ್ಮ ಬೀಗರಲ್ಲೇ ಒಬ್ಬ ಇದ್ದಾನು. ಆದರೆ ಯಲಿಯೂರಿನ ಟೇಪಣ್ಣನಿಗೆ ಒಂದು ಹೆಚ್ಚುಗಾರಿಕೆ ಇದೆ. ಅವನು ರೆಕಾರ್ಡ್ ರೂಮಿನಿಂದ ಬಂದವನು.

ಮೂವತ್ತು ಚಿಲ್ಲರೆ ವರ್ಷ ಅವನು ಯಲಿಯೂರು ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿ, ಮಂಡ್ಯದಲ್ಲಿ ಇಳಿದು, ಒಂದು ಸರ್ಕಾರಿ ಕಚೇರಿಯ ಅಭಿಲೇಖಾಲಯದಲ್ಲಿ ಗುಮಾಸ್ತಿಕೆ ಮಾಡಿದ. ಸಾಹೇಬರು ಬರುತ್ತಿದ್ದರು, ಹೋಗುತ್ತಿದ್ದರು. ಯಾವ ಕಡತ ಯಾವ ರ‍್ಯಾಕಿನ ಯಾವ ಕಟ್ಟಿನಲ್ಲಿದೆ ಎಂಬುದು ಮಾತ್ರ ಇವನೊಬ್ಬನಿಗೇ ಗೊತ್ತು. 'ಭೂಮಿ' ಯೋಜನೆ ಬಂದು ಪಹಣಿಯೆಲ್ಲ ಕಂಪ್ಯೂಟರಿಗೆ ಹೋದ ಮೇಲೂ, ಹಳೇ ಕೈಬರಹದ ದಾಖಲೆ ಬೇಕೆಂದರೆ ರೈತನೂ ಇವನ ಮುಂದೆ ನಿಲ್ಲಬೇಕು, ಸಾಹೇಬರೂ ಇವನ ಮುಖ ನೋಡಬೇಕು. "ನಾಳೆ ಬನ್ನಿ, ನೋಡನ" ಎಂಬ ಮೂರು ಪದಕ್ಕೆ ಇದ್ದ ತೂಕ ಸರ್ಕಾರಿ ಆದೇಶಕ್ಕೂ ಇರಲಿಲ್ಲ. ಹೀಗಿರುವಾಗ ಅರವತ್ತು ತುಂಬಿತು. ಶಾಲು ಹೊದಿಸಿದರು, ಮೈಸೂರು ಪೇಟ ತೊಡಿಸಿದರು, ಎರಡು ಒಳ್ಳೆ ಮಾತಾಡಿ ಕಳಿಸಿಕೊಟ್ಟರು. ಮಾರನೇ ದಿನದಿಂದ ಅವನನ್ನು ಯಾರೂ ಏನೂ ಕೇಳಲಿಲ್ಲ.

ಮನೆಯಲ್ಲಂತೂ ಕೇಳುವ ಪ್ರಮೇಯವೇ ಇರಲಿಲ್ಲ. ತಾತನ ಕಾಲದ ಮನೆ. ಮಂಗಳೂರು ಹೆಂಚು, ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಗೋಡೆಯೊಳಗೇ ಗೂಡು: ದೀಪಕ್ಕೊಂದು, ಬೆಂಕಿಪೊಟ್ಟಣಕ್ಕೊಂದು, ಅವ್ವನ ಎಲೆಅಡಿಕೆ ಚೀಲಕ್ಕೊಂದು. ಗೂಡಿನ ಮೇಲೆ, ಗೋಡೆ ಎಬ್ಬಿಸುವಾಗಲೇ ಮರದ ತುಂಡುಗಳನ್ನು ಹುದುಗಿಸಿ ಹಲಗೆ ಹಾಸಿದ ನಾಗಂದಿಗೆ. ಅದರ ಮೇಲೆ ಉಪ್ಪಿನಕಾಯಿ ಜಾಡಿ, ಹಿತ್ತಾಳೆ ಪಾತ್ರೆಗಳ ಸಾಲು. ಬೆಕ್ಕಿಗೆ ಎಟುಕದಂತೆ ಜಂತೆಯಿಂದ ಇಳಿಬಿಟ್ಟ ನೆಲುವಿನಲ್ಲಿ ಬೆಣ್ಣೆ. ಅಂಗಿಗೆ ಗೂಟ, ಮೊರ ಒನಕೆಗೆ ಅಟ್ಟ. ಕತ್ತೆತ್ತಿದರೆ ಕಾಣುತ್ತಿತ್ತು, ಕೈಚಾಚಿದರೆ ಸಿಗುತ್ತಿತ್ತು. ಆಲೆಮನೆಯಿಂದ ತಂದ ಬೆಲ್ಲ ಎಲ್ಲಿದೆಯೆಂದು ಬಂದ ನೆಂಟರ ಮಗುವೂ ಹೇಳಬಲ್ಲುದಾಗಿತ್ತು. ಎಲ್ಲರಿಗೂ ಎಲ್ಲವೂ ಗೊತ್ತಿರುವ ಇಂಥ ಮನೆಯಲ್ಲಿ ರೆಕಾರ್ಡ್ ರೂಮಿನವನಿಗೇನು ಕೆಲಸ?

ದಾರಿ ತೋರಿಸಿದ್ದು ಬೆಂಗಳೂರು. 2022ರ ಜೂನ್‌ನಲ್ಲಿ ನಾಗಸಂದ್ರದಲ್ಲಿ ಸ್ವೀಡನ್ ಮೂಲದ ಐಕಿಯಾ ಪೀಠೋಪಕರಣ ಮಳಿಗೆ ಬಾಗಿಲು ತೆರೆಯಿತಲ್ಲ, ಅಲ್ಲಿಗೆ ಮಗ ಒಂದು ಭಾನುವಾರ ಕರೆದುಕೊಂಡು ಹೋದ. ನೆಲ ಮುಟ್ಟದೆ ಗೋಡೆಗೆ ಅಂಟಿಕೊಂಡ ಕಪಾಟು, ಬೇಕಾದಾಗ ಸೇರಿಸಿ ಬೇಡವಾದಾಗ ಕಳಚುವ ಶೆಲ್ಫು, ಗೋಡೆಯಿಂದ ಕೆಳಗಿಳಿದು ಮತ್ತೆ ಮಡಚಿಕೊಳ್ಳುವ ಮೇಜು. ಎಲ್ಲಕ್ಕಿಂತ ಮಿಗಿಲಾಗಿ, ಸಾಲು ಸಾಲು ಮುಚ್ಚಿದ ಬಾಗಿಲು. ಒಳಗೇನಿದೆಯೋ ಇಟ್ಟವನಿಗಲ್ಲದೆ ಇನ್ನೊಬ್ಬರಿಗೆ ತಿಳಿಯುವಂತಿಲ್ಲ. ಟೇಪಣ್ಣನ ಕಣ್ಣಲ್ಲಿ ನೀರು ಬಂತು. ಎ.ಸಿ. ಗಾಳಿ ತಡೆಯಲಿಲ್ಲವೆಂದು ಮಗ ತಿಳಿದ.

ಅಂದಿನಿಂದ ಟೇಪಣ್ಣ ವಿದ್ವಾಂಸ. ಅರಳಿಕಟ್ಟೆಯಲ್ಲಿ ಕಬ್ಬಿನ ಬಾಕಿ, ನಾಲೆ ನೀರು ಎಂದು ಮಾತು ಎಲ್ಲೇ ಶುರುವಾಗಲಿ, ಅವನು ಅದನ್ನು ಸ್ವೀಡನ್ನಿಗೆ ತಂದು ನಿಲ್ಲಿಸುತ್ತಾನೆ. 1949ರಲ್ಲಿ ಅಲ್ಲಿಯ ಬಾನಿಯರ್ ಎಂಬ ಪ್ರಕಾಶಕರು ಅಗ್ಗದ, ಸಲೀಸಾಗಿ ಜೋಡಿಸಬಹುದಾದ ಪುಸ್ತಕದ ಶೆಲ್ಫಿಗಾಗಿ ಸ್ಪರ್ಧೆ ಇಟ್ಟಿದ್ದು, ನಿಸ್ಸೆ ಸ್ಟ್ರಿನ್ನಿಂಗ್ ಎಂಬಾತ ಗೋಡೆಗೆ ತಂತಿಯ ಏಣಿ ಬಿಗಿದು ನಡುವೆ ಹಲಗೆ ಸಿಕ್ಕಿಸಿ ಗೆದ್ದದ್ದು, ಆ ಶೆಲ್ಫು ಇವತ್ತಿಗೂ ಮಾರಾಟವಾಗುತ್ತಿರುವುದು, ಎಲ್ಲ ವರ್ಣಿಸುತ್ತಾನೆ. ಪುಸ್ತಕ ಮಾರುವವರಿಗೆ ಶೆಲ್ಫಿನ ಉಸಾಬರಿ ಯಾಕೆ ಬಂತು ಎಂಬ ಭಾಗವನ್ನು ಮಾತ್ರ ಹಾರಿಸುತ್ತಾನೆ. ಖಾಲಿ ಹಲಗೆ ಕಂಡವರು ಸುಮ್ಮನಿರರು, ತುಂಬಿಸಲು ಏನಾದರೂ ತಂದೇ ತರುತ್ತಾರೆ ಎಂಬುದು ವ್ಯಾಪಾರಿಗೆ ತಿಳಿಯದ ಗುಟ್ಟೇ? ಟೇಪಣ್ಣನ ಮನೆಯಲ್ಲೂ ಆಮೇಲೆ ಆದದ್ದು ಅದೇ.

ಗ್ರ್ಯಾಚುಯಿಟಿ ಹಣ ಕೈಗೆ ಬಂದಿತ್ತು. ಮಂಡ್ಯದ ಪ್ಲೈವುಡ್ ಅಂಗಡಿಯಲ್ಲಿ ಕೂತು ಪರೀಕ್ಷೆ ಆರಂಭಿಸಿದ. ಅಂಗಡಿಯವನು "ಫುಲ್ ವಾಟರ್‌ಪ್ರೂಫ್ ಸಾರ್" ಎಂದರೆ ಇವನು ಹಲಗೆ ತಿರುಗಿಸಿ ಐಎಸ್‌ಐ ಗುರುತು ಓದುತ್ತಾನೆ. 303 ಎಂದಿದ್ದರೆ ನಡುಮನೆಗೆ ಸಾಕು, ಅಡುಗೆಮನೆಯ ತೇವಕ್ಕೆ 710 ಇರಲೇಬೇಕು. ಎಂಟಡಿ ಉದ್ದ ನಾಲ್ಕಡಿ ಅಗಲ 18 ಎಂ.ಎಂ. ದಪ್ಪದ ಒಂದು ಹಾಳೆ 30 ಕೆ.ಜಿ. ದಾಟುತ್ತದೆ ಎಂದು ಅಂಗಡಿಯವನಿಗೇ ಪಾಠ ಹೇಳಿದ. ಹಾಳೆಗಳು ಲಗೇಜ್ ಆಟೋದಲ್ಲಿ ಯಲಿಯೂರಿಗೆ ಬಂದವು. ಹಿಂದೆಯೇ ಬೈಕಿನಲ್ಲಿ ಆಚಾರ್ರು.

ಆಚಾರ್ರು ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿ ಡ್ರಿಲ್ಲಿಂಗ್ ಮೆಷಿನ್ನನ್ನು ಗೋಡೆಗೆ ಹಿಡಿದರು. ಇಟ್ಟಿಗೆ ಗೋಡೆಯಾಗಿದ್ದರೆ ಮೆಷಿನ್ನು ಕಿರುಚುತ್ತಿತ್ತು, ಆಚಾರ್ರು ಭುಜ ಕೊಟ್ಟು ನೂಕಬೇಕಿತ್ತು. ಇಲ್ಲಿ ಅದು ಗುರ್ ಎನ್ನುತ್ತಾ ಬುಡದವರೆಗೂ ಒಳಕ್ಕೆ ಹೋಗಿಬಿಟ್ಟಿತು. ಈಚೆ ಎಳೆದರೆ ಕೆಮ್ಮಣ್ಣು, ನಡುನಡುವೆ ಹುಲ್ಲಿನ ಚೂರು, ಸುರ್ರನೆ ಅವ್ವನ ಹಾಸಿಗೆಯ ಮೇಲೆ ಸುರಿಯಿತು. ನೈಲಾನ್ ಪ್ಲಗ್ ತುರುಕಿ ಸ್ಕ್ರೂ ತಿರುಗಿಸಿದರು. ಸ್ಕ್ರೂ ಜೊತೆ ಪ್ಲಗ್ಗೂ ತಿರುಗಿತು. ಬೆರಳಲ್ಲಿ ಎಳೆದರೆ ಎರಡೂ ಕೈಗೆ ಬಂದವು.

"ಗುಮಾಸ್ತರೇ, ಇದು ಗೋಡೆ ಅಲ್ಲ, ಹುತ್ತ."

"ಏನಂಗಂತೀರಿ ಆಚಾರ್ರೇ? ಜರ್ಮನಿ ಆರ್ಟುರ್ ಫಿಷರ್ ಅನ್ನೋನು 1958ರಲ್ಲೇ ಕಂಡುಹಿಡ್ದಿರೋ ಪ್ಲಗ್ಗು ಇದು!"

"ಅವ್ನು ಯಲಿಯೂರಿಗೆ ಬಂದಿರ್ನಿಲ್ಲ ಬುಡಿ. ಸ್ಕ್ರೂ ಒಳಕ್ಕೋದಂಗೆ ಪ್ಲಗ್ಗು ಅಗಲಾಗಿ ಸುತ್ತ ಇರೋ ಗಟ್ಟಿನ ಒತ್ತಿ ಹಿಡ್ಕಬೇಕು. ಇಲ್ಲಿ ಗಟ್ಟಿ ಎಲ್ಲೈತೆ? ಇನ್ನೊಂದ್ ಮಾತು ಕೇಳಿ. ಕಪಾಟು ಕೆಳೀಕೆ ಬೀಳಾಕಿಂತ ಮುಂಚೆ ಮುಂದಕ್ಕೆ ಬಗ್ತದೆ. ಗೋಡೆಯಿಂದ ಎಷ್ಟು ಈಚೆ ಬತ್ತದೋ ಮೇಲಿನ ಸ್ಕ್ರೂನ ಅಷ್ಟು ಜೋರಾಗಿ ಕೀಳ್ತದೆ. ಅದ್ಕೇ ನಿಮ್ ತಾತ ನಾಗಂದಿಗೆ ಮರನ ಗೋಡೆ ಕಟ್ಟೋವಾಗ್ಲೇ ಒಳಕ್ಕೆ ಸೇರ್ಸಿದ್ದು."

ಕೊನೆಗೆ ಆಚಾರ್ರೇ ಉಪಾಯ ಹೇಳಿದರು. ನೆಲದಿಂದ ತೊಲೆಯವರೆಗೆ ನಾಲ್ಕು ಕಬ್ಬಿಣದ ಚೌಕ ಪೈಪು ನಿಲ್ಲಿಸಿ, ಕಪಾಟುಗಳನ್ನೆಲ್ಲ ಅವಕ್ಕೆ ಬಿಗಿದರು. ಗೋಡೆ ತನ್ನ ಪಾಡಿಗೆ ಹಿಂದೆ ನಿಂತಿತು. ಹೀಗೆ ಗೋಡೆಗೆ ಒಂದು ತೊಲವೂ ಭಾರ ಹೊರಿಸದ ಗೋಡೆ ಕಪಾಟು ಸಿದ್ಧವಾಯಿತು. ತೇಗದ ಬಣ್ಣದ ಮೈಕಾ ಅಂಟಿಸಿದ ಹದಿನಾರು ಕದ. ತಳ್ಳಿಬಿಟ್ಟರೆ ಸದ್ದಿಲ್ಲದೆ ತಾವೇ ಮುಚ್ಚಿಕೊಳ್ಳುವ ಹಿಂಜು. ನೋಡಲು ಬಂದವರು ಪೈಪು ತೋರಿಸಿ ಇದೇನೆಂದು ಕೇಳಿದರೆ "ಡಿಸೈನು" ಎಂದ.

ಆಮೇಲೆ ಶುರುವಾಯಿತು ನಿಜವಾದ ಕಚೇರಿ. ಕದಗಳಿಗೆ ನಂಬರು ಬಿತ್ತು. ಸರ್ಕಾರಿ ಕಡತಗಳಲ್ಲಿ 'ಎ' ಎಂದರೆ ಶಾಶ್ವತ, 'ಇ' ಎಂದರೆ ಒಂದೇ ವರ್ಷಕ್ಕೆ ವಿಲೇವಾರಿ. ಅದೇ ಕ್ರಮ ಇಲ್ಲಿಗೂ ಜಾರಿಯಾಯಿತು. ಮಾವಿನಕಾಯಿ ಉಪ್ಪಿನಕಾಯಿ 'ಇ' ವರ್ಗಕ್ಕೆ ಹೋಯಿತು. ಅದರಲ್ಲಿ ತಪ್ಪು ಹುಡುಕುವಂತಿಲ್ಲ. ಮೊಬೈಲ್ ಬಂದಿದ್ದ ರಟ್ಟಿನ ಡಬ್ಬ, ಸುಟ್ಟ ಮಿಕ್ಸಿಯ ಜಾರು, ಬೀಗ ಕಳೆದ ಬೀಗದಕೈಗಳು 'ಎ' ವರ್ಗಕ್ಕೆ ಸೇರಿದವು. ಹಲಗೆ ಖಾಲಿ ಇದೆಯೆಂದು ಐಸ್‌ಕ್ರೀಂ ಡಬ್ಬ ತೊಳೆದಿಟ್ಟ, ಡಬ್ಬ ಖಾಲಿ ಇದೆಯೆಂದು ಹಳೇ ಸ್ಕ್ರೂ ತುಂಬಿದ. ಎಲ್ಲಕ್ಕೂ ಒಂದು ಚಲನವಲನ ವಹಿ. ಅದನ್ನು ಇಡುವುದು ಎ-1ರಲ್ಲಿ, ಬೀಗ ಹಾಕಿ.

"ಏನ್ರೀ, ಸಾಸ್ವೆ ಎಲ್ ಮಡಗಿದ್ದೀರಿ?"

"ಯಾವ ಸಾಸ್ವೆ? ಚಾಲ್ತಿದೋ, ದಾಸ್ತಾನೋ?"

"ಎಣ್ಣೆ ಕಾದೈತೆ ಕನ್ರೀ!"

"ಸರಿ, ತಡಿ. ನೋಡನ."

ಕೊನೆಯ ಆ ಪದ ಹೇಳುವಾಗ ಅವನ ಮುಖ ನೋಡಬೇಕು. ನಿವೃತ್ತಿಯ ದಿನ ಕಳೆದುಹೋದದ್ದೆಲ್ಲ ಆ ಕ್ಷಣ ವಾಪಸು ಬಂದಿರುತ್ತದೆ. ಎಣ್ಣೆ ಹೊಗೆಯಾಡುತ್ತಿರುತ್ತದೆ. ಅವನಿಗೆ ಬೇಕಿದ್ದದ್ದು ಸಾಮಾನಿಗೆ ಜಾಗವಲ್ಲ, ಸಾಮಾನು ಬೇಕಾದವರು ತನ್ನೆದುರು ನಿಲ್ಲುವುದು. ಮನೆಯ ಪ್ರತಿಯೊಬ್ಬರೂ ದಿನಕ್ಕೆ ಹತ್ತು ಸಲ ಅರ್ಜಿದಾರರಾದರು. ಅವ್ವನ ಎಲೆಅಡಿಕೆ ಚೀಲವೂ ಗೂಡಿನಿಂದ ಎದ್ದು ಸಿ-4ಕ್ಕೆ ವರ್ಗವಾದ ದಿನ ಆಕೆ ಕೇಳಿಯೇಬಿಟ್ಟಳು.

"ಲೇ ಮಗ, ನಾನ್ ಸತ್ರೆ ನನ್ನ ಎಲ್ ಮಡಗ್ತೀಯೋ, ಅದ್ಕೂ ಒಂದ್ ನಂಬರ್ ಕೊಟ್ಬುಡು."

"ನೀನು ಎ ವರ್ಗ ಕನವ್ವ," ಎಂದ ಟೇಪಣ್ಣ, ನಗದೆ. "ಶಾಶ್ವತ."

ಮಡಚುವ ಮೇಜಿನ ಕತೆಯನ್ನೂ ಹೇಳಬೇಕು. ಮಗ ವಾರಕ್ಕೆ ಎರಡು ದಿನ ಮನೆಯಿಂದಲೇ ಕೆಲಸ ಮಾಡುತ್ತಾನೆಂದು ನಡುಮನೆಯಲ್ಲಿ ಅದನ್ನು ಹಾಕಿಸಿದ್ದ. ಎತ್ತಿದರೆ ಕಪಾಟಿನ ಕದ, ಇಳಿಸಿದರೆ ಆಫೀಸು. ಇಳಿಸಿದಾಗ ತಲೆಬಾಗಿಲು ಅರ್ಧ ಮಾತ್ರ ತೆರೆಯುತ್ತಿದ್ದುದರಿಂದ ಬಂದವರು ಓರೆಯಾಗಿ ಪ್ರವೇಶಿಸಬೇಕಿತ್ತು. ಹಾಲಿನ ಡೇರಿಯ ಕಾರ್ಯದರ್ಶಿ ಮೈಕಟ್ಟಿನವರು, ಹೊರಗಿನಿಂದಲೇ ಮಾತಾಡಿಸಿ ಹೋದರು. ಮಗ ಸೋಮವಾರ ಬೆಂಗಳೂರಿಗೆ ಹೋದ ಮೇಲೆ ಮೇಜನ್ನು ಎತ್ತಬೇಕಲ್ಲ? ಅಷ್ಟರಲ್ಲಿ ಅದರ ಮೇಲೆ ಬಾಳೆಗೊನೆ, ಕರೆಂಟ್ ಬಿಲ್ಲು, ಒಗೆದ ಬಟ್ಟೆಯ ಗಂಟು, ಅವ್ವನ ಮಾತ್ರೆ ಬಂದು ಕೂತಿದ್ದವು. ಮಡಚುವ ಮೇಜು ಎಲ್ಲ ಮನೆಗಳಲ್ಲೂ ಮಡಚುವುದು ಒಂದೇ ಸಲ, ಆಚಾರ್ರು ಹೇಗೆಂದು ತೋರಿಸುವಾಗ.

ಈ ದರ್ಬಾರು ಎಷ್ಟು ಕಾಲ ನಡೆಯುತ್ತಿತ್ತೋ. ಟೇಪಣ್ಣನ ಬಲಗಣ್ಣಿನ ಪೊರೆ ಅಡ್ಡ ಬಂತು. ಆಪರೇಷನ್ನಿಗೆಂದು ಮಗನ ಜೊತೆ ಮೈಸೂರಿಗೆ ಹೋದ. ಎ-1ರ ಬೀಗದಕೈ ಅವನ ಉಡಿದಾರದಲ್ಲಿ ಹೋಯಿತು. ಅದೇ ಸಂಜೆ ಬೀಗರು ಬರುವುದಾಗಿ ಫೋನ್ ಮಾಡಿದರು. ಹೆಂಡತಿ ದೊಡ್ಡ ಅನ್ನದ ಪಾತ್ರೆ ಹುಡುಕಲು ಬಿ ಸಾಲು ತೆಗೆದಳು. ಅಲ್ಲಿ ಇಪ್ಪತ್ತು ವರ್ಷದ ಪಂಚಾಂಗ. ಸಿ ಸಾಲು ತೆಗೆದಳು. ಹಳೇ ಟಿವಿಯ ಥರ್ಮಾಕೋಲು. ಡಿ-2ರಲ್ಲಿ ಪಕ್ಕದ ಮನೆಯವರು ಯುಗಾದಿಯಿಂದ ಹುಡುಕುತ್ತಿದ್ದ ಒತ್ತು ಶಾವಿಗೆ ಒರಳು.

ಆಕೆ ಸೆರಗು ಸಿಕ್ಕಿಸಿದಳು. ಹಿಂಜಿನ ಹಿಂಬದಿಯಲ್ಲೊಂದು ಪುಟ್ಟ ನಾಲಗೆ ಇರುತ್ತದೆ, ಅದನ್ನು ಒತ್ತಿದರೆ ಕದ ತಾನೇ ಕಳಚಿಕೊಳ್ಳುತ್ತದೆ. ಆಚಾರ್ರು ಜೋಡಿಸುವಾಗ ಕಾಫಿ ಕೊಡಲು ಬಂದವಳು ಅದನ್ನು ನೋಡಿಟ್ಟುಕೊಂಡಿದ್ದಳು. ಟಕ್, ಟಕ್, ಟಕ್. ಎ-1ರ ಬೀಗವೊಂದಕ್ಕೆ ಸುತ್ತಿಗೆ ಬೇಕಾಯಿತು. ದೀಪ ಹಚ್ಚುವ ಹೊತ್ತಿಗೆ ಹದಿನಾರು ಕದವೂ ಜಗಲಿಯ ಮೇಲಿದ್ದವು. ಒಳಗೆ ಜಾಡಿಗಳು, ಪಾತ್ರೆಗಳು, ಡಬ್ಬಗಳು ಸಾಲಾಗಿ ಕಣ್ಣಿಗೆ ಬಿದ್ದವು. ಅವ್ವ ಎದ್ದು ಹೋಗಿ, ಯಾರನ್ನೂ ಕೇಳದೆ, ತನ್ನ ಎಲೆಅಡಿಕೆ ಚೀಲ ತಗೊಂಡಳು.

ಎರಡು ದಿನ ಬಿಟ್ಟು ಟೇಪಣ್ಣ ಕಪ್ಪು ಕನ್ನಡಕ ಹಾಕಿಕೊಂಡು ಬಂದ. ಹೊಸಲಿನಲ್ಲೇ ನಿಂತ. ಹೆಂಡತಿ ಸೌಟು ಹಿಡಿದೇ ಈಚೆ ಬಂದು, ಎದುರುತ್ತರಕ್ಕೆ ತಯಾರಾಗಿ ನಿಂತಳು. ಅವನು ಕನ್ನಡಕ ಒಂಚೂರು ಎತ್ತಿ ಆ ತುದಿಯಿಂದ ಈ ತುದಿಯವರೆಗೆ ನೋಡಿದ.

"ಓಪನ್ ಶೆಲ್ಫು!" ಎಂದ. "ಬೆಂಗ್ಳೂರಲ್ಲಿ ಈಗ ಇದೇ ಕನೇ ನಡೀತಿರದು. ನಾನೇ ಮಾಡ್ಸನ ಅಂತಿದ್ದೆ."

ಹೆಂಡತಿ ನಿಟ್ಟುಸಿರು ಬಿಟ್ಟು ಒಳಗೆ ಹೋದಳು. ಟೇಪಣ್ಣ ಜಗಲಿಗೆ ಬಂದು ಕೂತು, ಒಂದೇ ಕಣ್ಣಲ್ಲಿ ನಂಬರು ಹುಡುಕಿ ಫೋನ್ ಹಚ್ಚಿದ.

"ಆಚಾರ್ರೇ, ಇಲ್ಲಿ ಜಗಲಿ ಮೇಲೆ ಹದ್ನಾರು ಕದ ಬಿದ್ದವೆ. ಮಳೆ ಬಂದ್ರೆ ಹಾಳಾಗೋಯ್ತವೆ. ಅವ್ನ ಮಡಗಕ್ಕೆ ಕೊಟ್ಟಿಗೆ ಗೋಡೆಗೆ ಒಂದು ಯೂನಿಟ್ ಮಾಡ್ಬೇಕಲ್ಲ, ಯಾವಾಗ ಬತ್ತೀರಿ? ... ಹ್ಞೂಂ, ಹ್ಞೂಂ. ಅದ್ಕೂ ಕದ ಇರ್ಲಿ."